"ಎರಡೂ ಕೈಲೆ ಹಿಡಿಯೋ, ಚೆಲ್ಲೀತು!"

ಡಿಸೆಂಬರ್ ಬಂತೆಂದರೆ ಗದಿಗೆಪ್ಪನಿಗೆ ಅವನ ಕೈಯೇ ಕೈ ಕೊಡುತ್ತಿತ್ತು...

ಧಾರವಾಡದಲ್ಲಿ ಒಂದೇ ಕುರ್ಚಿಯ ಪುಟ್ಟ ಸಲೂನ್ ಅವನದು. ಬೆಳಗಿನ ಥಂಡಿಗೆ ಬೆರಳ ತುದಿಗಳು ಸುಣ್ಣದಂತೆ ಬಿಳಿಚಿ, ಆಮೇಲೆ ನೀಲಿಗಟ್ಟಿ, ಕಟ್ಟಿಗೆ ತುಂಡಿನಂತಾಗುತ್ತಿದ್ದವು.

ಡಾಕ್ಟರ್ ನೋಡಿ ನಕ್ಕುಬಿಟ್ಟಿದ್ದರು. "ಥಂಡಿಗೆ ಬೆರಳಿನ ರಕ್ತನಾಳ ಬಿಗೀತಾವ. ದೊಡ್ಡ ರೋಗ ಅಲ್ಲೋ ಮಾರಾಯಾ, ಕೈ ಬೆಚ್ಚಗಿಟ್ಕೋ."

ದೊಡ್ಡ ರೋಗವಾಗಿದ್ದರೆ ನಾಲ್ಕು ಜನ ಬಾಳೆಹಣ್ಣು ತಂದು ಮಾತಾಡಿಸಿ ಹೋಗುತ್ತಿದ್ದರು... ಸಣ್ಣ ರೋಗದ ದಣಿವನ್ನು ಯಾರ ಮುಂದೆ ಹೇಳುವುದು? ಕೈಗವಸು ಹಾಕಿಕೊಂಡು ಗಡ್ಡ ಮಾಡಲಾದೀತೇ?

ಕುತ್ತಿಗೆ ಮುಟ್ಟಿದರೆ ಗಿರಾಕಿಗಳು ಹೌಹಾರುತ್ತಿದ್ದರು. "ಏನಲೇ ಇದು, ಹೆಣದ ಕೈ ಮುಟ್ಟಿದಂಗಾತಲ್ಲ!"

ಇಬ್ಬರು ಆಗಲೇ ಎದುರಿನ ಪಾರ್ಲರ್ ಸೇರಿದ್ದರು. ಮೊನ್ನೆಯಂತೂ ಕತ್ತಿ ಹಿಡಿದದ್ದೇ ಬೆರಳಿಗೆ ತಿಳಿಯದೆ, ಒಬ್ಬರ ಗಲ್ಲದ ಮೇಲೆ ರಕ್ತ ಬಂತು...

ಇಪ್ಪತ್ತಾರು ವರ್ಷದ ಕಸುಬು. ಸಾಕು, ಸಂಕ್ರಾಂತಿಗೆ ಬಾಗಿಲು ಹಾಕಿಬಿಡೋಣ ಎಂದುಕೊಂಡ.

ಇದರ ಮೇಲೆ ಹೊಂಬಳ ಮಾಸ್ತರರ ಕಾಟ ಬೇರೆ!

ನಿವೃತ್ತ ಡ್ರಾಯಿಂಗ್ ಮಾಸ್ತರರು. ಬೆಳಗಿನ ಮೊದಲ ಗಿರಾಕಿ. ಚಳಿಗಾಲ ಬಂದರೆ ಪಕ್ಕದ ರೇಣವ್ವನ ಅಂಗಡಿಯಿಂದ ಹಬೆಯಾಡುವ ಚಹಾದ ಗ್ಲಾಸನ್ನು ಟವೆಲ್‌ನಲ್ಲಿ ಹಿಡಿದುಕೊಂಡೇ ಬರುವರು.

"ಅಯ್ಯಯ್ಯ, ಸುಡಾಕತ್ತೈತೋ ಗದಿಗೆಪ್ಪಾ! ಹಿಡಿ ಹಿಡಿ... ಎರಡೂ ಕೈಲೆ ಹಿಡಿಯೋ, ಚೆಲ್ಲೀತು!"

ಗ್ಲಾಸು ಇವನ ಕೈಯಲ್ಲಿ, ಪೇಪರ್ ಅವರ ಕೈಯಲ್ಲಿ. ಹತ್ತು ನಿಮಿಷದ ಮೇಲೆ ಅದೇ ಮಾತು: "ಥೂ, ಆರೇ ಹೋತಲ್ಲೋ! ನೀನ ಕುಡಿ. ನಡಿ, ಗಡ್ಡ ಮಾಡು."

ಮೂರು ಚಳಿಗಾಲದಿಂದ ಇದೇ ನಾಟಕ...

ಅಂದು ರೇಣವ್ವನ ಅಂಗಡಿಗೆ ಖಾಲಿ ಗ್ಲಾಸು ವಾಪಸ್ ಕೊಡಲು ಹೋದ ಗದಿಗೆಪ್ಪ, ಬೇಸರಕ್ಕೋ ಏನೋ, ಭುಜ ಕುಗ್ಗಿಸಿ ಥೇಟ್ ಮಾಸ್ತರರ ಮೂಗುದನಿ ತೆಗೆದ. "ಎರಡೂ ಕೈಲೆ ಹಿಡಿಯೋ, ಚೆಲ್ಲೀತು!"

ಚಹಾ ಕುಡಿಯುತ್ತಿದ್ದವರು ಬಿದ್ದು ಬಿದ್ದು ನಕ್ಕರು. ರೇಣವ್ವ ಮಾತ್ರ ನಗಲಿಲ್ಲ.

"ತಮ್ಮಾ, ಆ ಮಾಸ್ತರ್ರು ಚಾ ಬಿಟ್ಟು ಐದು ವರ್ಷಾತು. ಡಾಕ್ಟರ್ ಬ್ಯಾಡಂದಾರ."

"ಹಂಗಾರ... ದಿನಾ ಒಯ್ಯೋದು?"

"'ದಪ್ಪ ಗ್ಲಾಸಿನ್ಯಾಗ ಕುದಿಯೋದ ಹಾಕು ರೇಣವ್ವಾ, ಅವನ ಬೆರಳು ಬೆಳ್ಳಗಾಗಿರತಾವ. ಕುಡಿ ಅಂದ್ರ ಒಲ್ಲೆ ಅಂತಾನ, ಹಿಡಿ ಅಂದ್ರ ಹಿಡೀತಾನ' ಅಂತಾರಪಾ."

ಗದಿಗೆಪ್ಪ ಕೈಯಲ್ಲಿದ್ದ ಖಾಲಿ ಗ್ಲಾಸನ್ನೇ ನೋಡಿದ...

ಆಗ ನೆನಪಾಯಿತು. ಗಿರಾಕಿಯ ಗಲ್ಲ ಕೊಯ್ದ ದಿನ ಮಾಸ್ತರರು ಊರಲ್ಲಿರಲಿಲ್ಲ!

ಮರುದಿನ ಬೆಳಿಗ್ಗೆ ಮತ್ತೆ ಅದೇ ಗ್ಲಾಸು, ಅದೇ "ಹಿಡಿ ಹಿಡಿ". ಗದಿಗೆಪ್ಪ ಎರಡೂ ಕೈಯಲ್ಲಿ ಹಿಡಿದು ನಿಂತ. ಬೆರಳುಗಳಿಗೆ ನಿಧಾನವಾಗಿ ರಕ್ತ ಬಂತು... ಕಣ್ಣಿಗೆ ನೀರೂ.

"ಆರಿತೇನೋ?" ಎಂದರು ಮಾಸ್ತರರು, ಪೇಪರಿನ ಹಿಂದಿನಿಂದ.

ಚಹಾ ಎಂದೋ ಆರಿತ್ತು.

"ಇಲ್ರೀ ಸರ... ಇನ್ನೂ ಬಿಸಿ ಐತ್ರಿ."

ಮಾಸ್ತರರು ಪೇಪರನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಮುಖ ಮುಚ್ಚಿಕೊಂಡರು.

ಸಂಕ್ರಾಂತಿ ಬಂತು, ಹೋಯಿತು. ಸಲೂನಿನ ಬಾಗಿಲು ಮುಚ್ಚಲಿಲ್ಲ. ಈಗ ಪ್ರತಿ ಗಿರಾಕಿಗೂ ಮುಂಚೆ ಗದಿಗೆಪ್ಪ ತಾನೇ ಒಂದು ಬಿಸಿ ಗ್ಲಾಸು ತರಿಸಿ ಹಿಡಿಯುತ್ತಾನೆ. ಬೆಳಗಿನ ಮೊದಲ ಗ್ಲಾಸು ಮಾತ್ರ ಮಾಸ್ತರರದೇ.

ಕೆಲವರು ನಮಗೆ ಆಸರೆಯಾಗುವುದು, ನಮ್ಮಿಂದಲೇ ಉಪಕಾರ ಪಡೆದವರಂತೆ ನಟಿಸಿ.

ನಿಮಗೆ ದಿನಾ ಕಿರಿಕಿರಿ ಮಾಡುವ ಆ ಒಬ್ಬರು... ನಿಜವಾಗಿ ನಿಮ್ಮ ಕೈ ಬೆಚ್ಚಗಿಡುತ್ತಿರಬಹುದೇ?