ಯಾರೂ ಓದದ ರಿಮಾರ್ಕ್ಸ್ ಕಾಲಂ

ಹುಬ್ಬಳ್ಳಿಯ ಒಂದು ಫ್ಯಾಕ್ಟರಿ. ಅಲ್ಲಿ ಆಪರೇಷನ್ ಇಕ್ಕಳದ ಪುಟ್ಟ ಸ್ಟೀಲ್ ಭಾಗಗಳು ತಯಾರಾಗಬೇಕಿತ್ತು... ಬೇಕಿತ್ತು ಅಷ್ಟೇ, ಆಗುತ್ತಿರಲಿಲ್ಲ!

ಸ್ಟೀಲ್ ಪುಡಿಗೆ ಮೇಣ ಕಲಸಿ, ಅಚ್ಚಿಗೆ ಒತ್ತಿ, ಫರ್ನೇಸ್‌ನಲ್ಲಿ ಇಡುತ್ತಾರೆ. ಮೇಣ ಹೊರಟುಹೋಗಿ, ಪುಡಿ ಬೆಸೆದು, ತುಂಡು ಕುಗ್ಗಿ ಗಟ್ಟಿಯಾಗಬೇಕು.

ಹನ್ನೊಂದು ಟ್ರಯಲ್ ಆಯಿತು. ಹನ್ನೊಂದರಲ್ಲೂ ಬೊಬ್ಬೆ, ಬಿರುಕು...

ಮಾಲೀಕರು ಎಂಜಿನಿಯರ್ ಶಾಲ್ಮಲಾಳನ್ನು ಕರೆದು ಹೇಳಿಬಿಟ್ಟರು: "ಇನ್ನೊಂದ್ ಸಲ ನೋಡ್ರಿ. ಆಗ್ಲಿಲ್ಲಂದ್ರ ಈ ಲೈನ್ ಬಂದ್."

ಬಂದ್ ಆದರೆ ಅಚ್ಚಿನ ಮೆಷಿನ್ ನಡೆಸುವ ಹದಿನಾಲ್ಕು ಹೆಣ್ಣುಮಕ್ಕಳ ಕೆಲಸವೂ ಹೋದಂತೆ.

ಕಾಲೇಜಿನಲ್ಲಿ ಚಿನ್ನದ ಪದಕ ಗೆದ್ದವಳು ತಲೆ ಮೇಲೆ ಕೈಹೊತ್ತು ಕೂತಳು.

ಫರ್ನೇಸ್ ಆಪರೇಟರ್ ಮಡಿವಾಳಪ್ಪ ಚಹಾ ತಂದಿಟ್ಟರು. "ಯಾಕ್ರಿ ಮೇಡಂ, ಇಷ್ಟ್ ಕುಗ್ಗೀರಿ? ನಮ್ಮ ತುಂಡು ಕುಗ್ಗಿದ್ರನ ಗಟ್ಟಿ ಆಗೂದು, ಹೌದಿಲ್ರಿ?"

ಶಾಲ್ಮಲಾಗೆ ಆ ಬೇಸರದಲ್ಲೂ ನಗು ಬಂತು. ಮೊದಲ ಬಾರಿಗೆ ಕೇಳಿದಳು: "ನಿಮಗೇನ್ ಅನಸ್ತೈತ್ರಿ, ಮಡಿವಾಳಪ್ಪಾರ?"

ಅವರು ಫರ್ನೇಸ್‌ನ ಲಾಗ್‌ಬುಕ್ ತೆರೆದು ಮುಂದಿಟ್ಟರು.

ಕೊನೆಯ ಕಾಲಂ... ರಿಮಾರ್ಕ್ಸ್. ಇಂಗ್ಲಿಷ್‌ನಲ್ಲಿ ರಿಪೋರ್ಟ್ ಮಾಡುವಾಗ ಅವಳು ಪ್ರತಿ ಸಲ ಬಿಟ್ಟುಬಿಡುತ್ತಿದ್ದ ಕಾಲಂ.

ಅಲ್ಲಿ ಪೆನ್ಸಿಲ್‌ನಲ್ಲಿ, ಹನ್ನೊಂದು ಸಲವೂ ಅದೇ ಮಾತು:

"ಹೊಗಿ ಪೈಪಿನಾಗ ಮೇಣದ ವಾಸನಿ ಇನ್ನೂ ಐತಿ. ಬಿಸಿ ಅವಸರದಾಗ ಏರಿತು."

ಅವಳ ಕಣ್ಣು ತುಂಬಿತು. "ನಂದ ತಪ್ಪಾತ್ರಿ..."

"ಇರ್ಲಿ ಬಿಡ್ರಿ. ಮೇಣಕ್ಕ ಹೊರಗ ಹೋಗಾಕ ಟೈಮ್ ಕೊಡ್ರಿ. ಆಮ್ಯಾಲೆ ಎಷ್ಟ್ ಬೆಂಕಿ ಕೊಟ್ರೂ ತಡಕೋತೈತಿ."

ಹನ್ನೆರಡನೇ ಟ್ರಯಲ್. ಈ ಸಲ ಬಿಸಿ ನಿಧಾನವಾಗಿ ಏರಿತು. ಮಡಿವಾಳಪ್ಪ ಪೈಪಿನ ಬಳಿ ಮೂಗರಳಿಸಿ "ಈಗ ಹೋತ್ರಿ" ಅನ್ನುವವರೆಗೂ ಅವಳು ಮುಂದಿನ ಬಟನ್ ಮುಟ್ಟಲಿಲ್ಲ. ಆಮೇಲೆಯೇ 1360 ಡಿಗ್ರಿ!

ಮರುದಿನ ಮಧ್ಯಾಹ್ನ ಫರ್ನೇಸ್‌ನ ಬಾಗಿಲು ತೆರೆಯಿತು. ಮಾಲೀಕರು ಒಂದೊಂದೇ ತುಂಡು ಎತ್ತಿ ಅಳೆದರು.

ಅಳತೆ ಪಕ್ಕಾ. ಒಂದೇ ಒಂದು ಬೊಬ್ಬೆ ಇಲ್ಲ!

"ಲೈನ್ ನಡೀಲ್ರಿ!" ಅಂದರು. ಹದಿನಾಲ್ಕು ಹೆಣ್ಣುಮಕ್ಕಳ ಕೇಕೆಗೆ ಶೆಡ್ಡಿನ ತಗಡು ಅದುರಿತು.

ಶಾಲ್ಮಲಾ ಲಾಗ್‌ಬುಕ್ ತೆಗೆದು, ಕೊನೆಯ ಕಾಲಂನಲ್ಲಿ ಕನ್ನಡದಲ್ಲೇ ಬರೆದಳು: "ಚೆನ್ನಾಗಿ ಕುಗ್ಗಿದೆ. ಗಟ್ಟಿಯಾಗಿದೆ. ಇದು ಮಡಿವಾಳಪ್ಪನವರ ಟ್ರಯಲ್."

ಅದನ್ನು ಓದಿ ಮಡಿವಾಳಪ್ಪ ಕಣ್ಣೊರೆಸಿಕೊಂಡರು. "ಫರ್ನೇಸ್ ಝಳಾ ರೀ..." ಅಂದರು. ಫರ್ನೇಸ್ ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು.

ಕುಗ್ಗಿದ ಗಳಿಗೆಯಲ್ಲಿ ಇನ್ನೊಬ್ಬರ ಮಾತಿಗೆ ಕಿವಿಗೊಟ್ಟವರು ಗಟ್ಟಿಯಾಗಿಯೇ ಹೊರಬರುತ್ತಾರೆ.

ನಿಮ್ಮ ಪಕ್ಕದಲ್ಲೇ ಕೂತು ಯಾರೋ ದಿನವೂ ಬರೆಯುತ್ತಿರುವ ಆ ಕೊನೆಯ ಕಾಲಂ... ನೀವು ಒಮ್ಮೆಯಾದರೂ ಓದಿದ್ದೀರಾ?