ಗಂಡನ ಹೆಸರು

ತಾಲ್ಲೂಕು ಕೋರ್ಟಿನಲ್ಲಿ ನಕಲು ಕೊಡುವ ಕಿಟಕಿಯ ಮುಂದೆ ಮುದುಕಿ ಹಟ ಹಿಡಿದು ನಿಂತಿದ್ದಳು. ಪಕ್ಕದೂರಿನ ಹೆಂಗಸೊಬ್ಬಳು, ತನ್ನ ಮಗನಿಗೆ ಈ ಮುದುಕಿಯ ಗಂಡನೇ ಅಪ್ಪ ಎಂದು ಊರಿನ ಯಜಮಾನರ ಮುಂದೆ ಹೇಳಿದ್ದಳು. ಅವನು ತನ್ನ ಜೊತೆಗಿದ್ದ ಎಂದು ಅವಳು ಹೇಳುವ ಆ ಆರು ತಿಂಗಳು ಗಂಡ ಜೈಲಿನಲ್ಲಿದ್ದ ಎಂಬುದು ಮುದುಕಿಯ ವಾದ. ಅದನ್ನು ತೋರಿಸಲು ತೀರ್ಪಿನ ನಕಲು ಬೇಕಿತ್ತು.

“ಕೇಸ್ ನಂಬರ್ ಗೊತ್ತಾ ಅಜ್ಜಿ?” ಎಂದ ಗುಮಾಸ್ತ.

“ಅದೆಲ್ಲ ನಂಗೊತ್ತಿಲ್ಲ ಕಣಪ್ಪ. ಗಂಧದ ಮರ ಕಡಿದ ಕೇಸು. ಎಪ್ಪತ್ತೆಂಟನೇ ಇಸವಿ, ಗೌರಿ ಹಬ್ಬದ ಹಿಂದಿನ ದಿನ ತೀರ್ಪಾಯ್ತು. ಒಳಗೆ ಹಾಕಿದ್ರು ಅಂತ ನಮ್ಮವರೇ ಹೇಳಿಕಳಿಸಿದ್ರು. ಬಿಡುಗಡೆ ಆಗಿ ಬರ್ಲಿ ಅಂತ ಆರು ತಿಂಗಳು ನಾನು ಒಪ್ಪೊತ್ತು ಉಂಡಿವ್ನಿ. ಅವರು ಜೈಲು ಮುದ್ದೆ ತಿಂದು ದುಂಡಗಾಗಿ ಬಂದ್ರು.”

“ಆರೋಪಿ ಹೆಸರು?”

“ಗಂಡನ ಹೆಸರು ಬಾಯಲ್ಲಿ ಹೇಳಕ್ಕಾಯ್ತದಾ? ಅಗೋ, ಬೇವಿನ ಮರದಡಿ ಬೀಡಿ ಸೇದ್ತಾ ಕೂತವ್ರೆ, ನೋಡ್ಕೊ.”

“ಮುಖ ನೋಡ್ಕೊಂಡು ನಕಲು ಕೊಡೋ ಪದ್ಧತಿ ಇನ್ನೂ ಬಂದಿಲ್ಲ ಅಜ್ಜಿ.”

ಗುಮಾಸ್ತ ಹಳೆಯ ರಿಜಿಸ್ಟರು ತೆಗೆದು, ಆ ವರ್ಷದ ಗಂಧದ ಕಳ್ಳರ ಹೆಸರನ್ನು ಒಂದೊಂದಾಗಿ ಓದಿದ. ಮೂರನೆಯದಕ್ಕೆ ಮುದುಕಿ ಸೆರಗನ್ನು ಬಾಯಿಗಿಟ್ಟುಕೊಂಡು, ನಾಚಿ ತಲೆಯಾಡಿಸಿದಳು.

“ಇವರಿಗೆ ಶಿಕ್ಷೆಯೇ ಆಗಿಲ್ವಲ್ಲ ಅಜ್ಜಿ. ಸಾಕ್ಷಿ ಸಾಲದೆ ಅವತ್ತೇ ಬಿಟ್ಟು ಕಳಿಸಿದಾರೆ.”

ಮುದುಕಿ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಬಾಗಿಲಿಗೆ ಬಂದು, ಕೋರ್ಟಿನ ಜವಾನ ಕೂಗುವ ಧಾಟಿಯಲ್ಲೇ, ಬೇವಿನ ಮರದವರೆಗೂ ಕೇಳುವ ಹಾಗೆ ಕೂಗಿದಳು:

“ಮರೀಗೌಡಾ... ಲೋ ಮರೀಗೌಡಾ... ಹಾಜರಾಗೋ.”