ಹದಿಮೂರು ತುಂಬದ ಹುಡುಗ

"ಇನ್ನೂ ಸ್ವಲ್ಪ ಹೆರೀರಿ ಮೇಷ್ಟ್ರೇ. ಹಳೇ ಅಂಕಿ ಕಾಣ್ತಾ ಐತೆ" ಎಂದರು ತೀರ್ಥಪ್ಪ.

ಗಂಗಾಧರಯ್ಯ ಮೇಷ್ಟ್ರು ಬ್ಲೇಡಿನ ತುದಿಯಿಂದ ಶಾಲೆಯ ದಾಖಲಾತಿ ಪುಸ್ತಕವನ್ನು ಮತ್ತೆ ಹೆರೆದರು. ೧೯೪೨ರ ಕೊನೆಯ ಎರಡು ಹೋಗಿ ಅಲ್ಲಿ ನಾಲ್ಕು ಬಂದು ಕೂತಿತು. ಒಂದೇ ನಿಮಿಷದಲ್ಲಿ ತೀರ್ಥಪ್ಪನವರ ಮಗ ಓಂಕಾರಮೂರ್ತಿ ಎರಡು ವರ್ಷ ಚಿಕ್ಕವನಾದ. ಮಾರ್ಕ್ಸು ತಿದ್ದಿಕೊಂಡ ಹುಡುಗನೊಬ್ಬನ ಅಂಗೈಗೆ ಹಿಂದಿನ ವಾರವಷ್ಟೇ ಬೆತ್ತದ ರುಚಿ ತೋರಿಸಿದ್ದ ಮೇಷ್ಟ್ರು, ಈಗ ಮಸಿ ಒಣಗಲೆಂದು ಪುಟಕ್ಕೆ ಬಾಯಿಂದ ಗಾಳಿ ಊದುತ್ತಿದ್ದರು.

ಅಜ್ಜಂಪುರದ ಪೇಟೆಯಲ್ಲಿ ಮಂಡಿ ಇಟ್ಟಿದ್ದ ತೀರ್ಥಪ್ಪನವರಿಗೆ ಮಗ ಓದಿ ದೊಡ್ಡವನಾಗಲೆಂಬ ಆಸೆ. ಮಗನಿಗೆ ಅಂಥ ಕೆಟ್ಟ ಆಸೆಯೇನೂ ಇರಲಿಲ್ಲ. ಎರಡು ತರಗತಿಗಳಲ್ಲಿ ಎರಡೆರಡು ವರ್ಷ ಬಿಡಾರ ಹೂಡಿ, ಮೀಸೆ ಚಿಗುರಿದ ಮೇಲೆ ಮಿಡ್ಲ್ ಸ್ಕೂಲು ದಾಟಿದ್ದ. ಅದು ೧೯೫೭. ಆ ವರ್ಷ ತರೀಕೆರೆಯಲ್ಲಿ ಟ್ರಸ್ಟೊಂದು ಹೈಸ್ಕೂಲು ತೆರೆದಿತ್ತು. ಜಿಲ್ಲೆಯ ಜಾಣ ಮಕ್ಕಳನ್ನೆಲ್ಲ ಪರೀಕ್ಷೆಗೆ ಕೂರಿಸಿ, ಸೋಸಿ, ಮೂವತ್ತು ಜನರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಆ ಪರೀಕ್ಷೆಯಲ್ಲಿ ಓಂಕಾರಮೂರ್ತಿಗೆ ಬಂದ ಅಂಕ ಹೇಳದಿರುವುದೇ ಲೇಸು. ಆದರೆ ಸ್ವಾತಂತ್ರ್ಯಕ್ಕಾಗಿ ಜೈಲು ಸೇರಿದವರ ಮಕ್ಕಳಿಗೆಂದು ಒಂದು ಸೀಟು ಬೇರೆ ತೆಗೆದಿಟ್ಟಿದ್ದರು. ಅದಕ್ಕೆ ಅಂಕ ನೋಡುವುದಿಲ್ಲ. ಜೂನ್ ಒಂದಕ್ಕೆ ಹುಡುಗನಿಗೆ ಹದಿಮೂರು ತುಂಬಿರಬಾರದು, ಅಷ್ಟೆ.

"ದೇಶಕ್ಕೋಸ್ಕರ ಹದಿನೆಂಟು ತಿಂಗಳು ಕಳೆದೋನು ಕಣ್ರೀ ನಾನು. ನಿಮಗೆ ಒಂದು ಅಂಕಿ ತಿದ್ದಕ್ಕೆ ಕೈ ನಡುಗ್ತದಾ?" ಎಂದು ತೀರ್ಥಪ್ಪ ಕೇಳಿದಾಗ ಮೇಷ್ಟ್ರಿಗೆ ನಾಚಿಕೆಯಾಗಿತ್ತು. ಚಳವಳಿಯ ಕಾಲದಲ್ಲಿ ತಾವು ಮಗ್ಗಿ ಹೇಳಿಸುತ್ತ ಬೆಚ್ಚಗಿದ್ದವರು. ಇವರೋ ಜೈಲು ಕಂಡವರು. ಆ ಕಥೆಯನ್ನು ಮೇಷ್ಟ್ರು ಹತ್ತು ಸಲವಾದರೂ ಕೈಮುಗಿದು ಕೇಳಿದ್ದರು.

"ನೆಟ್ಟಗೆ ನಿಂತ್ರೆ ತಲೆ ಹೆಂಚಿಗೆ ತಾಕೋದು ಮೇಷ್ಟ್ರೇ. ಸುತ್ತ ಇಲಿ. ಜೋರಾಗಿ ಕೆಮ್ಮಂಗಿಲ್ಲ, ಸೀನಂಗಿಲ್ಲ. ಕೊಬ್ಬರಿ ಕಂಡ್ರೆ ಈಗ್ಲೂ ವಾಕರಿಕೆ ಬತ್ತದೆ."

ಕಡ್ಡಿಯಂತೆ ಹೋದವರು ವಾಪಸು ಬಂದಾಗ ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲವಂತೆ. ಪೊಲೀಸರ ಏಟಿಗೆ ಮೈ ಊದಿಕೊಂಡಿದೆ ಎಂದು ಊರವರು ಮರುಗಿ ಹಾರ ಹಾಕಿದ್ದರು. ಗಂಡ ಈ ಕಥೆ ಎತ್ತಿದೊಡನೆ ಪ್ರೇಮಮ್ಮ ಎದ್ದು ಒಳಗೆ ಹೋಗುತ್ತಿದ್ದರು. ಪಾಪ, ಆ ಕಷ್ಟ ಕೇಳಲಾರರು ಎಂದು ಮೇಷ್ಟ್ರು ಅಂದುಕೊಂಡಿದ್ದರು.

ಸಂದರ್ಶನಕ್ಕೆ ತಂದೆ ತಾಯಿ ಇಬ್ಬರೂ ಬರಬೇಕು, ಶಾಲೆಯ ಮೇಷ್ಟ್ರು ದಾಖಲಾತಿ ಪುಸ್ತಕ ತರಬೇಕು ಎಂದು ಕಾಗದ ಬಂತು. ಓಂಕಾರಮೂರ್ತಿಗೆ ಮೀಸೆ ಬೋಳಿಸಿ, ಚಡ್ಡಿ ತೊಡಿಸಿ, "ಬಾಯಿ ಬಿಟ್ಟೀಯಾ ಜೋಕೆ, ಗಂಟಲು ಒಡೆದೈತೆ" ಎಂದು ಹೇಳಿ ಕರೆದುಕೊಂಡು ಹೋದರು.

ಸಮಿತಿಯ ಅಧ್ಯಕ್ಷರು ಶಿವಮೂರ್ತಪ್ಪ, ಹಳೆಯ ವಕೀಲರು. ತೀರ್ಥಪ್ಪನವರನ್ನು ಕಂಡು ಎದ್ದು ನಿಂತು ನಮಸ್ಕಾರ ಮಾಡಿದರು. ಊರ ಮುಖಂಡರು ಬರೆದುಕೊಟ್ಟಿದ್ದ ಜೈಲಿನ ಸರ್ಟಿಫಿಕೇಟು ಓದಿದರು. ಹುಟ್ಟಿದ ದಿನದ ಸರ್ಟಿಫಿಕೇಟು ಓದಿದರು. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬೆರಳು ಮಡಿಸಿ ಎಣಿಸತೊಡಗಿದರು.

"ತೀರ್ಥಪ್ಪನವರೇ, ನೀವು ಜೈಲು ಸೇರಿದ್ದು ನಲವತ್ತೆರಡರ ಸೆಪ್ಟೆಂಬರು?"

"ಹೌದು ಸ್ವಾಮಿ."

"ಬಿಟ್ಟಿದ್ದು ನಲವತ್ನಾಲ್ಕರ ಫೆಬ್ರವರಿ ಕೊನೆಗೆ. ಮಧ್ಯೆ ಒಂದು ದಿನವೂ ಹೊರಗೆ ಬರಲಿಲ್ಲ?"

"ಒಂದು ಗಳಿಗೇನೂ ಇಲ್ಲ!" ತೀರ್ಥಪ್ಪ ಎದೆ ಉಬ್ಬಿಸಿದರು.

"ಮಗ ಹುಟ್ಟಿದ್ದು ಅದೇ ವರ್ಷದ ಜೂನ್ ಹತ್ತು. ನೀವು ಮನೆಗೆ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ."

ಸಮಿತಿಯವರೊಬ್ಬರು ಕೆಮ್ಮಿದರು. ಇನ್ನೊಬ್ಬರು ಕಿಟಕಿಯಾಚೆ ನೋಡಿದರು. ಪ್ರೇಮಮ್ಮ ತಲೆ ತಗ್ಗಿಸಿದರು. ತೀರ್ಥಪ್ಪನವರಿಗೆ ಲೆಕ್ಕ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಮಗನ ಬುದ್ಧಿ ಎಲ್ಲಿಂದ ಬಂದಿತ್ತೆಂದು ಮೇಷ್ಟ್ರಿಗೆ ಆಗ ತಿಳಿಯಿತು.

"ಮೇಷ್ಟ್ರು ಮಾಡಿದ ಕೆಲಸ ಇದು ಸ್ವಾಮಿ!" ತೀರ್ಥಪ್ಪ ಕೂಗಿಕೊಂಡರು. "ಹುಡುಗ ಹುಟ್ಟಿದ್ದು ನಲವತ್ತೆರಡರಲ್ಲಿ, ನಾನು ಜೈಲಿಗೆ ಹೋಗೋಕ್ ಮುಂಚೆ. ಇವ್ರು ತಿದ್ದವ್ರೆ. ನಂಗೇನೂ ಗೊತ್ತಿಲ್ಲ."

ಮೇಷ್ಟ್ರು ತೀರ್ಥಪ್ಪನವರ ಮುಖ ನೋಡಿದರು. ಸೀಟು ಹೋದರೂ ಮರ್ಯಾದೆ ಉಳಿಸಿಕೊಳ್ಳಲು ಈ ಮನುಷ್ಯ ತಮ್ಮ ಅನ್ನ ಕಿತ್ತುಕೊಳ್ಳುತ್ತಿದ್ದಾನೆ. ಅಧ್ಯಕ್ಷರು ಪುಸ್ತಕದ ಪುಟವನ್ನು ಬೆಳಕಿಗೆ ಹಿಡಿದರು.

"ಇಲ್ಲಿ ಕಾಗದ ತೆಳ್ಳಗಾಗಿದೆಯಲ್ಲ ಮೇಷ್ಟ್ರೇ? ಇದು ನಿಜವಾದರೆ ನಿಮ್ಮ ನೌಕರಿ ಉಳಿಯೋದಿಲ್ಲ, ಗೊತ್ತಲ್ಲ?"

ಮೇಷ್ಟ್ರಿಗೆ ಮನೆಯಲ್ಲಿ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು ಕಣ್ಣೆದುರು ಬಂದರು.

"ಹೆತ್ತ ತಾಯಿಗಿಂತ ದೊಡ್ಡ ಸಾಕ್ಷಿ ಯಾವುದಿದೆ?" ಅಧ್ಯಕ್ಷರು ಪ್ರೇಮಮ್ಮನ ಕಡೆ ತಿರುಗಿದರು. "ನೀವೇ ಹೇಳಿ ತಾಯಿ, ಮಗ ಹುಟ್ಟಿದ್ದು ಯಾವಾಗ?"

ಪ್ರೇಮಮ್ಮ ಗಂಡನನ್ನು ನೋಡಿದರು. ಬೆವರುತ್ತಿದ್ದ ಮೇಷ್ಟ್ರನ್ನು ನೋಡಿದರು. ಸೆರಗು ಹೊದ್ದುಕೊಂಡು ಎದ್ದು ನಿಂತರು.

"ಮೇಷ್ಟ್ರು ಬರ್ದಿರೋದೇ ಸರಿ ಸ್ವಾಮಿ. ನಲವತ್ನಾಲ್ಕು."

"ಲೇ! ಏನ್ ಮಾತಾಡ್ತಿದೀಯ, ಪ್ರಜ್ಞೆ ಐತೇನೇ?" ತೀರ್ಥಪ್ಪನವರ ಮುಖ ಕಪ್ಪಿಟ್ಟಿತು.

ಅಧ್ಯಕ್ಷರು ಧ್ವನಿ ತಗ್ಗಿಸಿದರು. "ಯೋಚಿಸಿ ಹೇಳಿ ತಾಯಿ. ಅದಕ್ಕೆ ಮುಂಚೆ ಒಂದೂವರೆ ವರ್ಷ ನಿಮ್ಮ ಯಜಮಾನರು ಜೈಲಿನಲ್ಲಿದ್ದರು."

"ಎಲ್ಲಿಯ ಜೈಲು ಸ್ವಾಮಿ," ಎಂದರು ಪ್ರೇಮಮ್ಮ, "ಪೊಲೀಸ್ನೋರ ಹೆದರಿಕೆಗೆ ಆ ಹದಿನೆಂಟು ತಿಂಗಳೂ ಕಡೂರಲ್ಲಿ ನಮ್ಮಪ್ಪನ ಮನೆ ಅಟ್ಟದ ಮೇಲೆ ಕೂತಿದ್ರು, ದಿನಾ ಊಟ ಹೊತ್ಕೊಂಡು ಏಣಿ ಹತ್ತುತಿದ್ದೋಳು ನಾನೇ."